ಪ್ರಯಾಣ ವಿಮೆ: ನಲವತ್ತೈದು ಪೈಸೆಯಿಂದ ಡಾಲರ್ ಪಾಲಿಸಿಯವರೆಗೆ

ಪ್ರಯಾಣ ವಿಮೆ ಒಂದು ಕರಾರು. ಯಾವ ಘಟನೆಗೆ, ಯಾರಿಗೆ, ಎಷ್ಟು ಹಣ, ಯಾವ ದಿನದಿಂದ ಯಾವ ದಿನದವರೆಗೆ ಎಂಬುದನ್ನು ಕಂಪನಿ ಮೊದಲೇ ಬರೆದಿಟ್ಟಿರುತ್ತದೆ. ಬರೆದದ್ದರ ಆಚೆ ನಡೆದದ್ದಕ್ಕೆ ಅದು ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಬಹುತೇಕ ಜಗಳಗಳು ಹುಟ್ಟುವುದು ಇಲ್ಲಿಯೇ. ಕೊಂಡವರು ಇಡೀ ಪ್ರಯಾಣಕ್ಕೆ ವಿಮೆ ಮಾಡಿಸಿದ್ದೇವೆ ಎಂದುಕೊಂಡಿರುತ್ತಾರೆ. ಕಂಪನಿ ಹೆಸರಿಟ್ಟು ಹೇಳಿದ ಕೆಲವು ಅನಾಹುತಗಳನ್ನಷ್ಟೇ ಒಪ್ಪಿಕೊಂಡಿರುತ್ತದೆ.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಜನರ ಓಡಾಟವನ್ನೇ ತೆಗೆದುಕೊಂಡರೂ ವಿಮೆಯ ಎಲ್ಲ ಬಗೆಗಳು, ವಿಮೆಯೇ ಇಲ್ಲದ ಬಗೆಗಳು ಕಾಣಸಿಗುತ್ತವೆ. ಮಳೆ ಕೈಕೊಟ್ಟ ವರ್ಷ ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಗಳಿಗೆ ಗುಳೆ ಹೊರಡುವವರಿದ್ದಾರೆ. ಕೊಟ್ಟೂರು ಬಸವೇಶ್ವರನ ತೇರಿಗೆ, ಮೈಲಾರಲಿಂಗನ ಕಾರಣಿಕಕ್ಕೆ ಟ್ರ್ಯಾಕ್ಟರ್ ಹತ್ತುವವರಿದ್ದಾರೆ. ಕಾನಹೊಸಹಳ್ಳಿಯ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ರಾತ್ರಿ ಬಸ್ಸು ಹಿಡಿದು ಬೆಂಗಳೂರು ಸೇರುವವರಿದ್ದಾರೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ತಾಯಂದಿರೂ ಇದ್ದಾರೆ. ಇವರಲ್ಲಿ ಯಾರಿಗೆ ಯಾವ ರಕ್ಷಣೆ ಇದೆ ಎಂಬುದು ಹತ್ತಿದ ವಾಹನ, ಕೊಂಡ ಟಿಕೆಟ್ಟು, ಕೈಲಿರುವ ಕಾಗದ ಇವುಗಳ ಮೇಲೆ ನಿಂತಿದೆ.

ಕಾಗದದಲ್ಲಿ ಬರುವ ಮಾತುಗಳು

ಪಾಲಿಸಿ ಎಂದರೆ ಆ ಕರಾರು ಪತ್ರ. ಅದಕ್ಕೆ ಕಟ್ಟುವ ಹಣ ಪ್ರೀಮಿಯಂ, ಕಂಪನಿ ಕೊಡಬಹುದಾದ ಗರಿಷ್ಠ ಹಣ ವಿಮಾ ಮೊತ್ತ. ವಿಮಾ ಮೊತ್ತ 10 ಲಕ್ಷ ರೂಪಾಯಿ ಎಂದಿದ್ದರೆ ಕಾಲು ಮುರಿದವನಿಗೆ 10 ಲಕ್ಷ ಬರುವುದಿಲ್ಲ. ಯಾವ ನಷ್ಟಕ್ಕೆ ಅದರಲ್ಲಿ ಎಷ್ಟು ಪಾಲು ಎಂಬ ಕೋಷ್ಟಕ ಒಳಗೆ ಇರುತ್ತದೆ. ಹಣ ಕೇಳಿ ಹಾಕುವ ಅರ್ಜಿ ಕ್ಲೇಮು. ವಿಮೆದಾರ ಸತ್ತರೆ ಹಣ ಪಡೆಯಬೇಕಾದವರೆಂದು ಬರೆಸಿದ ಹೆಸರು ನಾಮಿನಿ.

ಇವೆಲ್ಲ ಸುಲಭ. ತೊಡಕಿನದು ‘ಅಪಘಾತ’ ಎಂಬ ಮಾತು. ವಿಮೆಯ ಭಾಷೆಯಲ್ಲಿ ಅದು ಹೊರಗಿನ, ಕಣ್ಣಿಗೆ ಕಾಣುವ, ಬಲವಾದ ಕಾರಣದಿಂದ ಹಠಾತ್ತನೆ, ಅನಿರೀಕ್ಷಿತವಾಗಿ, ತನ್ನ ಇಚ್ಛೆ ಇಲ್ಲದೆ ಆಗುವ ಘಟನೆ. ಬಸ್ಸು ಮಗುಚಿ ಪೆಟ್ಟಾದರೆ ಅದು ಅಪಘಾತ. ಅದೇ ಬಸ್ಸಿನಲ್ಲಿ ಕೂತಲ್ಲೇ ಎದೆನೋವು ಬಂದು ಜೀವ ಹೋದರೆ ಅಪಘಾತ ವಿಮೆ ಅನ್ವಯಿಸದು, ಏಕೆಂದರೆ ಕಾರಣ ದೇಹದೊಳಗಿನದು. ಮನೆಯವರಿಗೆ ಎರಡೂ ಪ್ರಯಾಣದಲ್ಲಾದ ಸಾವೇ. ಕಾಗದಕ್ಕೆ ಅವು ಬೇರೆ ಬೇರೆ. ಹಾಗೆಯೇ ‘ಶಾಶ್ವತ ಪೂರ್ಣ ಅಂಗವಿಕಲತೆ’ ಎಂದರೆ ಎರಡು ಕಣ್ಣು, ಎರಡು ಕೈ, ಎರಡು ಕಾಲು ಅಥವಾ ಒಂದು ಕಣ್ಣಿನ ಜೊತೆ ಒಂದು ಕೈಯೋ ಕಾಲೋ ಮತ್ತೆ ಸರಿಹೋಗದಂತೆ ಕೆಲಸಕ್ಕೆ ಬಾರದಾಗುವುದು. ಒಂದೇ ಅಂಗ ಹೋದರೆ ‘ಶಾಶ್ವತ ಭಾಗಶಃ’. ಆರು ತಿಂಗಳು ಹಾಸಿಗೆ ಹಿಡಿಸಿ ಆಮೇಲೆ ಕೂಡಿಕೊಳ್ಳುವ ಮೂಳೆ ಈ ಎರಡರಲ್ಲೂ ಬರುವುದಿಲ್ಲ. ಆ ಕಾಲದ ಕೂಲಿ ನಷ್ಟವನ್ನು ತುಂಬುವ ಪಾಲಿಸಿಗಳು ಬೇರೆಯೇ ಇವೆ.

ದೊಡ್ಡ ದುರಂತವಾದಾಗ ಮೂರು ಬಗೆಯ ಹಣದ ಹೆಸರು ಕೇಳಿಬರುತ್ತದೆ, ಜನ ಮೂರನ್ನೂ ‘ಪರಿಹಾರ’ ಎಂದೇ ಕರೆಯುತ್ತಾರೆ. 2012ರ ಮೇ 22ರ ನಸುಕಿನಲ್ಲಿ ಹುಬ್ಬಳ್ಳಿಯಿಂದ ಹೊಸಪೇಟೆ, ಬಳ್ಳಾರಿ ಮಾರ್ಗವಾಗಿ ಬೆಂಗಳೂರಿಗೆ ಹೊರಟಿದ್ದ ಹಂಪಿ ಎಕ್ಸ್‌ಪ್ರೆಸ್ ಆಂಧ್ರದ ಪೆನುಕೊಂಡ ನಿಲ್ದಾಣದಲ್ಲಿ ನಿಂತಿದ್ದ ಗೂಡ್ಸ್ ರೈಲಿಗೆ ಡಿಕ್ಕಿ ಹೊಡೆಯಿತು. 20ಕ್ಕೂ ಹೆಚ್ಚು ಜನ ಸತ್ತರು. ಇಂಥ ಹೊತ್ತಿನಲ್ಲಿ ಸಚಿವರು ಅಂದೇ ಘೋಷಿಸುವುದು ಸಾಂತ್ವನದ ಹಣ. ಅದು ಸರ್ಕಾರದ ಔದಾರ್ಯ, ಯಾರ ಹಕ್ಕೂ ಅಲ್ಲ. ಎರಡನೆಯದು ಕಾನೂನು ಕೊಡಿಸುವ ಪರಿಹಾರ, ಅದನ್ನು ಅರ್ಜಿ ಹಾಕಿ ಪಡೆಯಬೇಕು. ಮೂರನೆಯದು ವಿಮೆ. ಪೆನುಕೊಂಡದ ಕಾಲಕ್ಕೆ ರೈಲು ಟಿಕೆಟ್ಟಿನೊಂದಿಗೆ ಈ ಮೂರನೆಯದು ಇರಲಿಲ್ಲ. ಒಂದನ್ನು ಪಡೆದ ಮಾತ್ರಕ್ಕೆ ಉಳಿದೆರಡು ಕೈತಪ್ಪುತ್ತವೆ ಎಂದುಕೊಂಡು ಸುಮ್ಮನಾಗುವ ಕುಟುಂಬಗಳು ಹಳ್ಳಿಗಳಲ್ಲಿ ಕಡಿಮೆಯಿಲ್ಲ. ಆ ತಿಳಿವಳಿಕೆ ತಪ್ಪು.

ರೈಲು ಮತ್ತು ಬಸ್ಸು

ರೈಲ್ವೆಯ ಟಿಕೆಟ್ ಮಾರುವ ಐಆರ್‌ಸಿಟಿಸಿ ಜಾಲತಾಣದಲ್ಲಿ ಟಿಕೆಟ್ ತೆಗೆಯುವಾಗ ‘ವಿಮೆ ಬೇಕೇ’ ಎಂಬ ಪ್ರಶ್ನೆ ಬರತೊಡಗಿದ್ದು 2016ರ ಸೆಪ್ಟೆಂಬರ್ 1ರಿಂದ. ಆಗ ಒಬ್ಬರಿಗೆ 92 ಪೈಸೆ ಇತ್ತು. 2016ರ ಡಿಸೆಂಬರ್‌ನಿಂದ 2018ರ ಆಗಸ್ಟ್ ಕೊನೆಯವರೆಗೆ ಉಚಿತವಾಗಿ ಕೊಟ್ಟು, ಆಮೇಲೆ ಮತ್ತೆ ಬೇಕಾದವರಿಗೆ ಮಾತ್ರ ಎಂದು ಮಾಡಿದರು. ದರ ಹಲವು ಸಲ ಬದಲಾಗಿ ಈಚಿನ ವರ್ಷಗಳಲ್ಲಿ 45 ಪೈಸೆಗೆ ಬಂದಿದೆ. ಸಾವಿಗೂ ಶಾಶ್ವತ ಪೂರ್ಣ ಅಂಗವಿಕಲತೆಗೂ 10 ಲಕ್ಷ, ಭಾಗಶಃ ಅಂಗವಿಕಲತೆಗೆ 7.5 ಲಕ್ಷದವರೆಗೆ, ಗಾಯಕ್ಕೆ ಆಸ್ಪತ್ರೆ ಸೇರಿದರೆ 2 ಲಕ್ಷದವರೆಗೆ, ಮೃತದೇಹ ಸಾಗಿಸಲು 10 ಸಾವಿರ ರೂಪಾಯಿ. ನಾಲ್ಕಾಣೆಯ ಕಾಲ ಮುಗಿದು ಎಷ್ಟೋ ವರ್ಷಗಳಾದ ಮೇಲೂ ಪೈಸೆ ಲೆಕ್ಕದಲ್ಲಿ ಸಿಗುವ ವಸ್ತು ದೇಶದಲ್ಲಿ ಇದೊಂದೇ ಇರಬೇಕು.

ಇದರ ನಿಯಮಗಳು ಬಿಗಿ. ಟಿಕೆಟ್ ಖಾತ್ರಿಯಾಗಿರಬೇಕು ಅಥವಾ ಆರ್‌ಎಸಿಯಲ್ಲಿರಬೇಕು; ವೇಟಿಂಗ್ ಲಿಸ್ಟಿನವರಿಗೆ ಇಲ್ಲ. ನಿಲ್ದಾಣದ ಕೌಂಟರಿನಲ್ಲಿ ಕೊಂಡ ಟಿಕೆಟ್ಟಿಗೆ ಇಲ್ಲ. ಆಸನ ಕಾಯ್ದಿರಿಸದ 5 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಟಿಕೆಟ್ ಆದ ಮೇಲೆ ವಿಮಾ ಕಂಪನಿಯಿಂದ ಮೊಬೈಲಿಗೂ ಇಮೇಲಿಗೂ ಸಂದೇಶ ಬರುತ್ತದೆ. ಅದರಲ್ಲಿರುವ ಕೊಂಡಿ ಒತ್ತಿ ನಾಮಿನಿಯ ಹೆಸರು ತುಂಬಬೇಕು. ಬಹುತೇಕರು ಅದನ್ನು ಜಾಹೀರಾತು ಎಂದುಕೊಂಡು ಅಳಿಸಿಬಿಡುತ್ತಾರೆ. ನಾಮಿನಿ ಇಲ್ಲದಿದ್ದರೆ ಹಣ ಮುಳುಗುವುದಿಲ್ಲ, ಆದರೆ ವಾರಸುದಾರರು ಯಾರೆಂದು ಸಾಬೀತು ಮಾಡುವ ಓಡಾಟ ಶುರುವಾಗುತ್ತದೆ. ಇನ್ನೊಂದು ತೊಂದರೆಯೂ ಇದೆ. ಊರಿನ ಸೈಬರ್ ಸೆಂಟರಿನಲ್ಲಿ ಟಿಕೆಟ್ ತೆಗೆಸಿದಾಗ ಅಂಗಡಿಯವನ ಮೊಬೈಲ್ ಸಂಖ್ಯೆ ನಮೂದಾಗಿದ್ದರೆ ಆ ಸಂದೇಶ ಪ್ರಯಾಣಿಕನಿಗೆ ತಲುಪುವುದೇ ಇಲ್ಲ.

ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮೂಲಕ ಹರಿಹರಕ್ಕೆ 2019ರಿಂದ ಓಡುತ್ತಿರುವ ಪ್ಯಾಸೆಂಜರ್ ರೈಲಿನಲ್ಲಿ ಕಾಯ್ದಿರಿಸದ ಟಿಕೆಟ್ಟಿನಲ್ಲಿ ಕೂತವರಿಗೆ ಈ 45 ಪೈಸೆಯ ವಿಮೆ ದೊರೆಯುವುದಿಲ್ಲ. ಎಕ್ಸ್‌ಪ್ರೆಸ್ ರೈಲುಗಳ ಜನರಲ್ ಬೋಗಿಗೂ ಇದೇ ಮಾತು. 2023ರ ಜೂನ್ 2ರಂದು ಒಡಿಶಾದ ಬಹಾನಗಾ ಬಜಾರ್ ಬಳಿ ನಡೆದ ದುರಂತದಲ್ಲಿ ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ರೈಲೂ ಸಿಕ್ಕಿಕೊಂಡಿತ್ತು. ಜನರಲ್ ಬೋಗಿಯವರಿಗೆ ಅಲ್ಲೂ ಈ ವಿಮೆ ಇರಲಿಲ್ಲ. ದುಡಿಯಲು ದೂರ ಹೋಗುವ ಬಡವರು ಹೆಚ್ಚಾಗಿ ಕೂರುವುದು ಆ ಬೋಗಿಗಳಲ್ಲೇ ಎಂಬುದನ್ನು ನೋಡಿದರೆ ಈ ವ್ಯವಸ್ಥೆ ತಲೆಕೆಳಗಾಗಿದೆ ಎನ್ನದೆ ವಿಧಿಯಿಲ್ಲ.

ಆದರೆ ಕಾನೂನು ಅವರ ಕೈ ಬಿಟ್ಟಿಲ್ಲ. 1989ರ ರೈಲ್ವೆ ಕಾಯ್ದೆಯ 124 ಮತ್ತು 124ಎ ಕಲಮುಗಳ ಪ್ರಕಾರ ರೈಲು ಅಪಘಾತದಲ್ಲಿ ಅಥವಾ ‘ಅಹಿತಕರ ಘಟನೆ’ಯಲ್ಲಿ ಪ್ರಯಾಣಿಕ ಸತ್ತರೆ ರೈಲ್ವೆ ಪರಿಹಾರ ಕೊಡಲೇಬೇಕು, ತಪ್ಪು ಯಾರದು ಎಂದು ಸಾಬೀತು ಮಾಡಬೇಕಿಲ್ಲ. ಆ ಮೊತ್ತ 4 ಲಕ್ಷ ಇದ್ದದ್ದು 2017ರ ಜನವರಿ 1ರಿಂದ 8 ಲಕ್ಷವಾಗಿದೆ. ರೈಲಿನಿಂದ ಆಯತಪ್ಪಿ ಬೀಳುವುದೂ ಅಹಿತಕರ ಘಟನೆಯೇ. ಹತ್ತುವಾಗ, ಇಳಿಯುವಾಗ ಬಿದ್ದವನನ್ನು ‘ತಾನೇ ಪೆಟ್ಟು ಮಾಡಿಕೊಂಡ’ ಎಂದು ತಳ್ಳಿಹಾಕುವಂತಿಲ್ಲ, ಹೆಣದ ಬಳಿ ಟಿಕೆಟ್ ಸಿಗಲಿಲ್ಲ ಎಂಬುದೊಂದೇ ಕಾರಣಕ್ಕೆ ಅವನು ಪ್ರಯಾಣಿಕನೇ ಅಲ್ಲ ಎನ್ನುವಂತಿಲ್ಲ ಎಂದು ರೀನಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆತ್ಮಹತ್ಯೆ, ಕುಡಿದ ಅಮಲು, ತನ್ನದೇ ಅಪರಾಧ ಕೃತ್ಯ, ಸಹಜ ಕಾಯಿಲೆ ಇವು ಹೊರಗಿವೆ. ರೈಲ್ವೆ ಕ್ಲೇಮು ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ ಒಂದು ವರ್ಷದೊಳಗೆ ಅರ್ಜಿ ಹೋಗಬೇಕು.

ಬಸ್ಸಿನ ಮಾತು ಇಷ್ಟು ಜಟಿಲವಲ್ಲ. ಸರ್ಕಾರಿ ಬಸ್ಸಾಗಲಿ, ಖಾಸಗಿ ಬಸ್ಸಾಗಲಿ, ಚಾಲಕನ ತಪ್ಪಿನಿಂದ ಗಾಯಗೊಂಡ ಪ್ರಯಾಣಿಕ ಮೋಟಾರು ವಾಹನ ಕಾಯ್ದೆಯಡಿ ಎಂಎಸಿಟಿ ಎಂದು ಕೋರ್ಟುಗಳಲ್ಲಿ ಕರೆಯುವ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಖಾಸಗಿ ಬಸ್ಸಿನ ಪರ ಪರಿಹಾರವನ್ನು ವಿಮಾ ಕಂಪನಿ ಕೊಡುತ್ತದೆ. ಸಾರಿಗೆ ಸಂಸ್ಥೆಗಳ ಬಸ್ಸಿಗೆ ಹೊರಗಿನ ವಿಮೆ ಇಲ್ಲದಿದ್ದರೆ ಸಂಸ್ಥೆಯೇ ಕೊಡಬೇಕು. ಪರಿಹಾರ ಕಟ್ಟದ್ದಕ್ಕೆ ಕೋರ್ಟಿನವರು ಬಸ್ಸನ್ನೇ ಜಪ್ತಿ ಮಾಡಿದರು ಎಂದು ಪತ್ರಿಕೆಗಳಲ್ಲಿ ಆಗಾಗ ಬರುವ ಸುದ್ದಿಯ ಹಿನ್ನೆಲೆ ಇದು. ಇದಲ್ಲದೆ ಕೆಎಸ್‌ಆರ್‌ಟಿಸಿ ಟಿಕೆಟ್ಟಿನ ಜೊತೆಗೆ ವಸೂಲು ಮಾಡುವ ಸಣ್ಣ ಮೊತ್ತದಿಂದ ಅಪಘಾತ ಪರಿಹಾರ ನಿಧಿಯೊಂದನ್ನು ನಡೆಸುತ್ತದೆ. ಸತ್ತವರ ಕುಟುಂಬಕ್ಕೆ ಅದರಿಂದ ಕೊಡುವ ಹಣವನ್ನು 2024ರ ಜನವರಿ 1ರಿಂದ 3 ಲಕ್ಷದಿಂದ 10 ಲಕ್ಷಕ್ಕೆ ಏರಿಸಿತು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಕೊಡುವ ಶೂನ್ಯ ಟಿಕೆಟ್ಟೂ ಟಿಕೆಟ್ಟೇ. ಹಣ ಕೊಟ್ಟಿಲ್ಲವೆಂದು ಅದನ್ನು ಕಿಟಕಿಯಿಂದ ಎಸೆಯಬಾರದು, ಆ ಬಸ್ಸಿನಲ್ಲಿದ್ದರು ಎಂಬುದಕ್ಕೆ ಅದೇ ಸಾಕ್ಷಿ.

ಟ್ರ್ಯಾಕ್ಟರಿನ ಜಾತ್ರೆ, ವೈಟ್ ಬೋರ್ಡಿನ ಬಾಡಿಗೆ

ಈ ಸೀಮೆಯ ಜನ ಅತಿ ಹೆಚ್ಚು ಕೈಸುಟ್ಟುಕೊಳ್ಳುವುದು ಸರಕು ವಾಹನದ ವಿಷಯದಲ್ಲಿ. ಭರತ ಹುಣ್ಣಿಮೆಯ ಆಸುಪಾಸು ಮೈಲಾರದ ದಾರಿ ಹಿಡಿದರೆ ಟ್ರ್ಯಾಕ್ಟರ್ ಟ್ರೇಲರಿಗೆ ಹುಲ್ಲು ಹಾಸಿ, ಮೇಲೆ ತಾಡಪತ್ರಿ ಕಟ್ಟಿ, ರೊಟ್ಟಿ ಬುತ್ತಿಯ ಜೊತೆ ಮಕ್ಕಳು ಮುದುಕರನ್ನು ಕೂರಿಸಿಕೊಂಡು ಸಾಲಾಗಿ ಹೊರಟಿರುತ್ತಾರೆ. ಟ್ರ್ಯಾಕ್ಟರಿಗೆ ವಿಮೆ ಇರುತ್ತದೆ, ಮಾಲೀಕ ಪ್ರತಿ ವರ್ಷ ತಪ್ಪದೆ ಕಟ್ಟಿರುತ್ತಾನೆ. ಆದರೆ ಆ ಪಾಲಿಸಿ ಒಕ್ಕಲುತನದ ಕೆಲಸಕ್ಕೆ ಕೊಟ್ಟದ್ದು. ಅದರಲ್ಲಿ ಚಾಲಕನಿಗೆ ಸೀಟಿದೆ, ಟ್ರೇಲರಿನಲ್ಲಿ ಕೂತವರಿಗೆ ಇಲ್ಲ. ಟ್ರೇಲರ್ ಮಗುಚಿದರೆ ಎದುರು ಬಂದ ಬೈಕಿನವನಿಗೆ ಕಂಪನಿ ಪರಿಹಾರ ಕೊಡುತ್ತದೆ, ಒಳಗೆ ಕೂತ ಅಜ್ಜಿಗೆ ಕೊಡಲು ಒಪ್ಪುವುದಿಲ್ಲ.

ಲಾರಿ, ಟಾಟಾ ಏಸ್, ಮಿನಿ ಟೆಂಪೊ ಎಲ್ಲಕ್ಕೂ ಇದೇ ನಿಯಮ. ಸರಕು ವಾಹನದಲ್ಲಿ ಸುಮ್ಮನೆ ಕೂತು ಬಂದ ಪ್ರಯಾಣಿಕರ ಹೊಣೆ ವಿಮಾ ಕಂಪನಿಯದಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತು. 1994ರ ತಿದ್ದುಪಡಿಯಿಂದ ಒಂದು ಕಿಂಡಿ ಮಾತ್ರ ತೆರೆದಿದೆ. ಸರಕಿನ ಒಡೆಯ ಅಥವಾ ಅವನು ಒಪ್ಪಿಸಿ ಕಳಿಸಿದ ಆಳು ಆ ಸರಕಿನ ಜೊತೆ ಹೋಗುತ್ತಿದ್ದರೆ ಅವನಿಗೆ ರಕ್ಷಣೆ ಉಂಟು. ಕೊಟ್ಟೂರಿನ ರೈತ ತನ್ನ ಈರುಳ್ಳಿ ಚೀಲಗಳ ಜೊತೆ ಲಾರಿಯಲ್ಲಿ ಬೆಂಗಳೂರಿನ ಮಾರುಕಟ್ಟೆಗೆ ಹೋಗುತ್ತಿದ್ದರೆ ಅವನು ಈ ಲೆಕ್ಕಕ್ಕೆ ಬರುತ್ತಾನೆ, ಆದರೆ ಕೂರಬೇಕಾದದ್ದು ಕ್ಯಾಬಿನ್ನಿನಲ್ಲಿ. ಚೀಲಗಳ ಮೇಲೆ ಮಲಗಿ ಹೋದವನ ಕ್ಲೇಮು ನಿಲ್ಲುವುದು ಕಷ್ಟ. ಅದೇ ಲಾರಿ ಖಾಲಿಯಾಗಿ ಮರಳುವಾಗ ನಡುದಾರಿಯಲ್ಲಿ ಕೈ ಅಡ್ಡ ಹಾಕಿ ಹತ್ತಿದವನಿಗಂತೂ ಏನೂ ಇಲ್ಲ. ಗುಳೆ ಹೊರಟ ಕುಟುಂಬ ಪಾತ್ರೆ ಪಗಡೆ, ಹಾಸಿಗೆ ಗಂಟುಗಳ ಜೊತೆ ಲಾರಿ ಹತ್ತಿದರೆ ಅದು ಸರಕೋ ಪ್ರಯಾಣಿಕರ ಸಾಮಾನೋ ಎಂದು ಕೋರ್ಟುಗಳಲ್ಲಿ ವಾದ ನಡೆಯುತ್ತದೆ. ಮನೆ ಸಾಮಾನಿನ ಗಂಟನ್ನು ಸರಕೆಂದು ಒಪ್ಪಿಸುವುದು ಸುಲಭವಲ್ಲ.

ಕಂಪನಿಗೆ ಹೊಣೆ ಇಲ್ಲವೆಂದರೆ ಮಾಲೀಕನಿಗೆ ಇದೆ ಎಂದೇ ಅರ್ಥ. ಕೆಲವು ಪ್ರಕರಣಗಳಲ್ಲಿ ನ್ಯಾಯಾಲಯಗಳು ‘ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ’ ಎಂದು ಆದೇಶಿಸುತ್ತವೆ. ಊರವರನ್ನು ಪುಣ್ಯಕ್ಕೆಂದು ಜಾತ್ರೆಗೆ ಕರೆದೊಯ್ದ ರೈತನ ಹೊಲಕ್ಕೆ ಆ ವಸೂಲಿ ಬಂದು ನಿಲ್ಲಬಹುದು. ಈ ವಿಷಯವನ್ನು ಪಂಚಾಯಿತಿ ಕಟ್ಟೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಿದರೂ ತಪ್ಪಿಲ್ಲ.

ಕಾರಿನ ಸಂಗತಿಯೂ ಸರಳವಲ್ಲ. ‘ಥರ್ಡ್ ಪಾರ್ಟಿ’ ಪಾಲಿಸಿ ಮಾತ್ರ ಇರುವ ಖಾಸಗಿ ಕಾರಿನಲ್ಲಿ ಕೂತವರು ಆ ಪಾಲಿಸಿಯ ಒಳಗೆ ಬರುವುದಿಲ್ಲ. ‘ಪ್ಯಾಕೇಜ್’ ಅಥವಾ ಕಾಂಪ್ರಹೆನ್ಸಿವ್ ಪಾಲಿಸಿ ಇದ್ದರೆ ಬರುತ್ತಾರೆ. ಬೈಕಿನ ಹಿಂದೆ ಕೂತವರಿಗೂ ಈ ವ್ಯತ್ಯಾಸ ಅನ್ವಯಿಸುತ್ತದೆ. ಸ್ವಂತ ವಾಹನ ಓಡಿಸುವ ಮಾಲೀಕನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯವಾಗಿ ಬಂದದ್ದು 2018ರಲ್ಲಿ, ಅದಕ್ಕೆ ಅವನ ಹೆಸರಿನಲ್ಲೇ ಚಾಲ್ತಿಯಲ್ಲಿರುವ ಲೈಸೆನ್ಸ್ ಬೇಕು. ಧರ್ಮಸ್ಥಳಕ್ಕೋ ಮಂತ್ರಾಲಯಕ್ಕೋ ಪರಿಚಯದವರ ವೈಟ್ ಬೋರ್ಡ್, ಅಂದರೆ ಬಿಳಿ ನಂಬರ್ ಫಲಕದ ಖಾಸಗಿ ಗಾಡಿಯನ್ನು ಬಾಡಿಗೆಗೆ ಮಾತಾಡಿಕೊಂಡು ಹೋಗುವುದು ಮಾಮೂಲಿ. ಸ್ವಂತ ಬಳಕೆಗೆಂದು ವಿಮೆಯಾದ ಗಾಡಿ ಬಾಡಿಗೆಗೆ ಓಡಿದರೆ ಕರಾರು ಮುರಿದಂತೆ, ಕಂಪನಿ ತಗಾದೆ ತೆಗೆಯಲು ಅಷ್ಟೇ ಸಾಕು. ಬಾಡಿಗೆಯಲ್ಲಿ ಉಳಿಸಿದ ಸಾವಿರ ರೂಪಾಯಿ ಇಲ್ಲಿ ದುಬಾರಿಯಾಗುತ್ತದೆ.

ಈ ಎಲ್ಲ ತೂತುಗಳ ನಡುವೆ ಬಡವನ ಕೈಗೆಟುಕುವ ಒಂದು ಪಾಲಿಸಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ. 2015ರ ಮೇ 9ರಂದು 12 ರೂಪಾಯಿಗೆ ಶುರುವಾಗಿ 2022ರ ಜೂನ್‌ನಿಂದ 20 ರೂಪಾಯಿಯಾಗಿದೆ. 18ರಿಂದ 70 ವರ್ಷದವರಿಗೆ, ಸಾವು ಅಥವಾ ಪೂರ್ಣ ಅಂಗವಿಕಲತೆಗೆ 2 ಲಕ್ಷ, ಒಂದು ಅಂಗಕ್ಕೆ 1 ಲಕ್ಷ. ಇದು ಯಾವ ವಾಹನ ಎಂದು ಕೇಳುವುದಿಲ್ಲ. ಟ್ರೇಲರಿನಿಂದ ಬಿದ್ದರೂ ಅಪಘಾತವೇ, ಹೊಲದಲ್ಲಿ ಹಾವು ಕಚ್ಚಿದರೂ ಕೂಡಲೇ ಆಸ್ಪತ್ರೆಗೆ ಹೋದ ದಾಖಲೆ ಇದ್ದರೆ ಪರಿಗಣಿಸುತ್ತದೆ. ಜೂನ್ 1ರಿಂದ ಮೇ 31 ಇದರ ವರ್ಷ. ಮೇ ಕೊನೆಯಲ್ಲಿ ಬ್ಯಾಂಕ್ ಖಾತೆಯಲ್ಲಿ 20 ರೂಪಾಯಿ ಇಲ್ಲದೆ ವಿಮೆ ನಿಂತುಹೋದದ್ದು ಗೊತ್ತೇ ಆಗದಿರುವುದು ಇದರಲ್ಲಿ ಆಗುವ ಸಾಮಾನ್ಯ ಅವಾಂತರ. ಗಾಯಾಳುವಿನ ತುರ್ತು ಖರ್ಚಿಗಾದರೆ 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆ ಇದೆ. ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ 1.5 ಲಕ್ಷ ರೂಪಾಯಿ ಮೀರದ ಚಿಕಿತ್ಸೆ ಅದರಲ್ಲಿ ಸಿಗಬೇಕು.

ದೇಶ ದಾಟಿದ ಮೇಲೆ

ವಿದೇಶ ಪ್ರಯಾಣದ ಪಾಲಿಸಿಯಲ್ಲಿ ಬೆನ್ನೆಲುಬು ವೈದ್ಯಕೀಯ ಖರ್ಚು. ಯುರೋಪಿನ ಶೆಂಗೆನ್ ದೇಶಗಳು ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ತೋರಿಸದೆ ವೀಸಾ ಕೊಡುವುದಿಲ್ಲ. ಅಮೆರಿಕ ಪ್ರವಾಸಿ ವೀಸಾಕ್ಕೆ ಇಂಥ ಷರತ್ತು ಹಾಕಿಲ್ಲ, ಆದರೆ ಅಲ್ಲಿನ ಆಸ್ಪತ್ರೆ ಬಿಲ್ಲು ಕಂಡವರು ವಿಮೆ ಇಲ್ಲದೆ ವಿಮಾನ ಹತ್ತುವುದಿಲ್ಲ. ಭಾರತದ ಕಂಪನಿಗಳ ಪಾಲಿಸಿಯನ್ನು ಸಾಮಾನ್ಯವಾಗಿ ಇಲ್ಲಿಂದ ಹೊರಡುವ ಮೊದಲೇ ಕೊಳ್ಳಬೇಕು. ಅಲ್ಲಿ ಇಳಿದ ಮೇಲೆ ಜ್ವರ ಬಂತೆಂದು ಕೊಳ್ಳಲಾಗದು.

ಇಲ್ಲಿ ನಾಲ್ಕು ಮಾತುಗಳನ್ನು ಬಿಡಿಸಿಕೊಳ್ಳದೆ ಮುಂದೆ ಹೋಗಬಾರದು. ಡಿಡಕ್ಟಿಬಲ್ ಎಂದರೆ ಪ್ರತಿ ಕ್ಲೇಮಿನಲ್ಲಿ ಮೊದಲಿಗೆ ವಿಮೆದಾರ ತನ್ನ ಜೇಬಿನಿಂದ ಹಾಕಬೇಕಾದ ಮೊತ್ತ. ಸಬ್‌ಲಿಮಿಟ್ ಎಂದರೆ ದೊಡ್ಡ ಮೊತ್ತದೊಳಗೆ ಒಂದೊಂದು ಬಾಬಿಗೆ ಹಾಕಿದ ಒಳಮಿತಿ. ಕ್ಯಾಶ್‌ಲೆಸ್ ಎಂದರೆ ಕಂಪನಿ ನೇರವಾಗಿ ಆಸ್ಪತ್ರೆಗೆ ಕಟ್ಟುವುದು, ರೀಇಂಬರ್ಸ್‌ಮೆಂಟ್ ಎಂದರೆ ನಾವು ಕಟ್ಟಿ ಆಮೇಲೆ ವಾಪಸು ಪಡೆಯುವುದು.

ಲೆಕ್ಕಕ್ಕೆಂದು ಒಂದು ಉದಾಹರಣೆ ಕಲ್ಪಿಸಿಕೊಳ್ಳಬಹುದು. ಹರಪನಹಳ್ಳಿಯಿಂದ ಡಾಲಸ್‌ನ ಮಗನ ಮನೆಗೆ ಹೋದ 66 ವರ್ಷದ ತಾಯಿ. ಪಾಲಿಸಿಯ ಮುಖಪುಟದಲ್ಲಿ 50,000 ಡಾಲರ್ ಎಂದಿದೆ, ಡಿಡಕ್ಟಿಬಲ್ 100 ಡಾಲರ್. ಬಚ್ಚಲಲ್ಲಿ ಜಾರಿ ಬಿದ್ದು ಮೂರು ದಿನ ಆಸ್ಪತ್ರೆಯಲ್ಲಿದ್ದರು. ವಾರ್ಡಿನ ಬಾಡಿಗೆ 9,000, ವೈದ್ಯರ ಫೀಸು 3,000, ಪರೀಕ್ಷೆಗಳು 2,000, ಒಟ್ಟು 14,000 ಡಾಲರ್ ಬಿಲ್ಲು. ಐವತ್ತು ಸಾವಿರದ ಪಾಲಿಸಿ ಇರುವಾಗ ಹದಿನಾಲ್ಕು ಸಾವಿರ ಯಾವ ಲೆಕ್ಕ ಎನ್ನಿಸುತ್ತದೆ. ಆದರೆ 60 ದಾಟಿದವರಿಗೆ ಒಳಪುಟದಲ್ಲಿ ಒಳಮಿತಿಗಳಿವೆ: ವಾರ್ಡಿಗೆ ದಿನಕ್ಕೆ 1,500, ವೈದ್ಯರಿಗೆ ಒಟ್ಟು 1,000, ಪರೀಕ್ಷೆಗಳಿಗೆ 1,000. ಮೂರೂ ಸೇರಿ 6,500. ಅದರಿಂದ 100 ಕಳೆದು ಕಂಪನಿ ಕೊಡುವುದು 6,400, ಮಗ ಕಟ್ಟಬೇಕಾದದ್ದು 7,600. ಮುಖಪುಟದ ದೊಡ್ಡ ಅಂಕಿ ಸುಳ್ಳಲ್ಲ, ಅದು ಒಳಮಿತಿಗಳನ್ನು ದಾಟಿ ಹೊರಬರಲಾರದು ಅಷ್ಟೇ. ಒಳಮಿತಿ ಇಲ್ಲದ ಪಾಲಿಸಿಗೆ ಪ್ರೀಮಿಯಂ ಹೆಚ್ಚು. ವಯಸ್ಸಾದವರಿಗೆ ವಿಮಾ ಮೊತ್ತ ಚಿಕ್ಕದಾದರೂ ಒಳಮಿತಿ ಇಲ್ಲದ್ದನ್ನು ಕೊಳ್ಳುವುದೇ ಮೇಲು ಎನ್ನಲು ಈ ಒಂದು ಲೆಕ್ಕ ಸಾಕು. ಅಮೆರಿಕದಲ್ಲೇ ಮಾರುವ ಸಂದರ್ಶಕರ ವಿಮೆಗಳಲ್ಲೂ ‘ಫಿಕ್ಸ್‌ಡ್ ಬೆನಿಫಿಟ್’, ‘ಕಾಂಪ್ರಹೆನ್ಸಿವ್’ ಎಂಬ ಎರಡು ಜಾತಿಗಳಿವೆ. ಅಗ್ಗದ ಮೊದಲನೆಯದು ಇದೇ ರೀತಿ ಬಾಬುವಾರು ಮಿತಿ ಹಾಕುತ್ತದೆ.

ನಂತರದ ದೊಡ್ಡ ಗಂಟು ‘ಮೊದಲೇ ಇದ್ದ ಕಾಯಿಲೆ’. ಪಾಲಿಸಿ ಕೊಳ್ಳುವ ಮೊದಲೇ ಪತ್ತೆಯಾಗಿದ್ದ, ಚಿಕಿತ್ಸೆ ನಡೆದಿದ್ದ ಬಿಪಿ, ಸಕ್ಕರೆ, ಹೃದಯದ ತೊಂದರೆ ಎಲ್ಲ ಇದರಲ್ಲಿ ಸೇರುತ್ತವೆ. ದೇಶದೊಳಗಿನ ಆರೋಗ್ಯ ವಿಮೆಯಲ್ಲಿ ಇಂಥ ಕಾಯಿಲೆಗಳಿಗೆ ಕಾಯುವ ಅವಧಿ 3 ವರ್ಷ ಮೀರಬಾರದು ಎಂದು ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಮಾಡಿದ ನಿಯಮ ವಿದೇಶ ಪ್ರಯಾಣದ ಪಾಲಿಸಿಗೆ ಅನ್ವಯಿಸುವುದಿಲ್ಲ. ಇಲ್ಲಿ ಕಾಯುವ ಪ್ರಶ್ನೆಯೇ ಇಲ್ಲ. ಹಲವು ಪಾಲಿಸಿಗಳು ಹಳೆಯ ಕಾಯಿಲೆಯನ್ನು ಪೂರ್ತಿ ಹೊರಗಿಡುತ್ತವೆ. ಕೆಲವು ಜೀವಕ್ಕೆ ಅಪಾಯವಾದಾಗ ಸ್ಥಿತಿ ಹದಕ್ಕೆ ಬರುವವರೆಗಿನ ಖರ್ಚನ್ನು ಮಾತ್ರ, ಅದೂ ಚಿಕ್ಕ ಮಿತಿಯಲ್ಲಿ, ಕೊಡುತ್ತವೆ. ಅರ್ಜಿಯಲ್ಲಿ ಕಾಯಿಲೆ ಮುಚ್ಚಿಟ್ಟರೆ ಪ್ರೀಮಿಯಂ ಉಳಿಯಬಹುದು ಎಂದು ಏಜೆಂಟರೇ ಸೂಚಿಸುವುದುಂಟು. ಆಸ್ಪತ್ರೆಯವರು ಮೊದಲು ಕೇಳುವುದೇ ‘ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ’ ಎಂದು, ಆ ಉತ್ತರ ದಾಖಲೆಗೆ ಹೋಗುತ್ತದೆ, ದಾಖಲೆ ಕಂಪನಿಗೆ ಹೋಗುತ್ತದೆ. ಆಮೇಲೆ ಬಿಪಿಗೆ ಸಂಬಂಧವೇ ಇಲ್ಲದ ಕ್ಲೇಮಿಗೂ ಸುಳ್ಳು ಹೇಳಿದ ಆರೋಪ ಅಂಟಿಕೊಳ್ಳುತ್ತದೆ.

ಆಸ್ಪತ್ರೆ ಸೇರುವ ಮೊದಲು, ತುರ್ತಾದರೆ ಸೇರಿದ ಕೂಡಲೇ, ಪಾಲಿಸಿಯಲ್ಲಿ ಕೊಟ್ಟ ಸಹಾಯವಾಣಿಗೆ ಹೇಳಬೇಕು. ಹೇಳದೆ ಹೋದರೆ ಕ್ಯಾಶ್‌ಲೆಸ್ ಕೈತಪ್ಪುವುದು ಹೆಚ್ಚು. ಸಾಮಾನ್ಯ ತಪಾಸಣೆ, ಬಸಿರು ಬಾಣಂತನದ ಖರ್ಚು, ಕುಡಿದಾಗ ಆದ ಪೆಟ್ಟು, ಚಿಕಿತ್ಸೆಗೆಂದೇ ಮಾಡಿದ ಪ್ರಯಾಣ, ವೈದ್ಯರು ಬೇಡವೆಂದರೂ ಹೊರಟದ್ದು ಬಹುತೇಕ ಎಲ್ಲ ಪಾಲಿಸಿಗಳಲ್ಲೂ ಹೊರಗೆ. ಯುದ್ಧವೂ ಹೊರಗೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಶುರುವಾದಾಗ ಗಿಡಮೂಲಿಕೆ, ಕೇಶತೈಲ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಕುಟುಂಬಗಳು ಅಲ್ಲಿ ಸಿಕ್ಕಿಬಿದ್ದವು. ಅವರನ್ನು ಕರೆತಂದದ್ದು ಭಾರತ ಸರ್ಕಾರದ ‘ಆಪರೇಷನ್ ಕಾವೇರಿ’. ಅಂಥ ಹೊತ್ತಿನಲ್ಲಿ ಮಾಮೂಲಿ ಪ್ರಯಾಣ ವಿಮೆ ಇದ್ದರೂ ಅದು ನೆರವಿಗೆ ಬರುವುದಿಲ್ಲ. ಕೊಲ್ಲಿ ದೇಶಗಳಿಗೆ ಕೂಲಿಗೆ ಹೋಗುವ, ವಲಸೆ ತಪಾಸಣೆ ಬೇಕಾದ ಪಾಸ್‌ಪೋರ್ಟಿನವರಿಗೆ ‘ಪ್ರವಾಸಿ ಭಾರತೀಯ ಬಿಮಾ ಯೋಜನೆ’ ಕಡ್ಡಾಯ. 10 ಲಕ್ಷದ ಅಪಘಾತ ವಿಮೆ, ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಪ್ರೀಮಿಯಂ, ಮೇಲೆ ತೆರಿಗೆ. ಮೃತದೇಹ ಊರಿಗೆ ತರುವ ಖರ್ಚೂ ಅದರಲ್ಲಿದೆ.

ಪ್ರಯಾಣ ರದ್ದತಿಯ ವಿಮೆ ಹೆಸರಿಸಿದ ಕಾರಣಗಳಿಗೆ ಮಾತ್ರ. ಮುಖ್ಯವಾದವು ವಿಮೆದಾರನ ಅಥವಾ ‘ಹತ್ತಿರದ ಕುಟುಂಬ’ದವರ ಸಾವು, ಗಂಭೀರ ಕಾಯಿಲೆ. ಆ ಕುಟುಂಬದಲ್ಲಿ ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ, ಹೆಚ್ಚೆಂದರೆ ಒಡಹುಟ್ಟಿದವರು, ಅತ್ತೆಮಾವ ಇರುತ್ತಾರೆ. ದೊಡ್ಡಪ್ಪ ತೀರಿಕೊಂಡು ಮನೆಯಲ್ಲಿ ಸೂತಕವಿದ್ದರೆ ನಮ್ಮವರು ಪ್ರಯಾಣ ನಿಲ್ಲಿಸುತ್ತಾರೆ, ಪಾಲಿಸಿಯ ವಂಶವೃಕ್ಷದಲ್ಲಿ ದೊಡ್ಡಪ್ಪನಿಗೆ ಜಾಗವಿಲ್ಲ. ವೀಸಾ ಸಿಗಲಿಲ್ಲ ಎಂಬ ಕಾರಣವೂ ಬೇರೆಯಾಗಿ ಸೇರಿಸದಿದ್ದರೆ ನಡೆಯದು.

ಸಾಮಾನಿನ ವಿಮೆ ಚೆಕ್-ಇನ್ ಮಾಡಿದ ಪೆಟ್ಟಿಗೆಗಳಿಗೆ. ಒಡವೆ, ನಗದು ಸೇರುವುದಿಲ್ಲ. ಮದುವೆಗೆ ಹೋಗುವವರು ಬಂಗಾರವನ್ನು ಪೆಟ್ಟಿಗೆಗೆ ಹಾಕಿದರೆ ಅದರ ಹೊಣೆ ಅವರದೇ. ಪೆಟ್ಟಿಗೆ ಬಾರದಿದ್ದರೆ ನಿಲ್ದಾಣ ಬಿಡುವ ಮೊದಲೇ ವಿಮಾನ ಕಂಪನಿಯಿಂದ ‘ಪಿಐಆರ್’ ಎಂಬ ಲಿಖಿತ ವರದಿ ಪಡೆಯಬೇಕು. ವಿಮಾನ ಕಂಪನಿಯ ಹೊಣೆ ಪಾಲಿಸಿಗಿಂತ ಬೇರೆ. ಭಾರತವೂ ಸೇರಿರುವ ಮಾಂಟ್ರಿಯಲ್ ಒಪ್ಪಂದದಂತೆ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಅದಕ್ಕೆ 2024ರ ಡಿಸೆಂಬರ್ 28ರಿಂದ ಒಬ್ಬರಿಗೆ 1,519 ಎಸ್‌ಡಿಆರ್ ಮಿತಿ. ಎಸ್‌ಡಿಆರ್ ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಲೆಕ್ಕಕ್ಕೆ ಬಳಸುವ ಮೌಲ್ಯದ ಘಟಕ. ಪೆಟ್ಟಿಗೆ ಜಖಂ ಆಗಿದ್ದರೆ 7 ದಿನದೊಳಗೆ, ತಡವಾಗಿ ಬಂದರೆ 21 ದಿನದೊಳಗೆ ದೂರು ಬರೆದುಕೊಡಬೇಕು.

ಕೊಳ್ಳುವಾಗ, ಕೇಳುವಾಗ

ಟಿಕೆಟ್ ಮಾರುವ ತಾಣಗಳು ವಿಮೆಯನ್ನು ಗ್ರಾಹಕನಿಗೆ ಕೇಳದೆಯೇ ಬಿಲ್ಲಿಗೆ ಸೇರಿಸುತ್ತಿದ್ದ ಕಾಲವೊಂದಿತ್ತು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ವಿಮೆ ಬೇಡ ಎನ್ನುವ ಗುಂಡಿಯ ಮೇಲೆ ‘ನಾನು ಅಸುರಕ್ಷಿತವಾಗಿಯೇ ಇರುತ್ತೇನೆ’ ಎಂಬಂತೆ ಬರೆದು ಗ್ರಾಹಕನನ್ನು ನಾಚಿಸುವುದೂ ಆ ಪಟ್ಟಿಯಲ್ಲಿದೆ. ಕಾಶಿಯಾತ್ರೆಯ ಪ್ಯಾಕೇಜುಗಳಲ್ಲಿ ‘ವಿಮೆ ಸೇರಿದೆ’ ಎಂದು ಕರಪತ್ರದಲ್ಲಿ ಅಚ್ಚಾಗಿದ್ದರೆ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ, ತನ್ನ ಹೆಸರು ಇರುವ ಪ್ರಮಾಣಪತ್ರ ಕೇಳಬೇಕು. ಕೊಡದಿದ್ದರೆ ವಿಮೆ ಇಲ್ಲವೆಂದೇ ತಿಳಿಯುವುದು ವಾಸಿ.

ಕ್ಲೇಮು ಗೆಲ್ಲುವುದು ಕಾಗದದಿಂದ. ರಸ್ತೆ ಅಪಘಾತಕ್ಕೆ ಎಫ್‌ಐಆರ್ ಪ್ರತಿ, ಸ್ಥಳ ಪಂಚನಾಮೆ, ಆಸ್ಪತ್ರೆಯ ವೈದ್ಯಕೀಯ-ಕಾನೂನು ಪ್ರಕರಣದ (ಎಂಎಲ್‌ಸಿ) ದಾಖಲೆ, ಸಾವಾಗಿದ್ದರೆ ಮರಣೋತ್ತರ ಪರೀಕ್ಷೆಯ ವರದಿ ಬೇಕು. ಹೆಣ ಕೊಯ್ಯಿಸುವುದು ಬೇಡವೆಂದು ಹಿರಿಯರು ಹಟ ಹಿಡಿದು, ಪೊಲೀಸರಿಗೆ ಹೇಳದೆ ಮಣ್ಣು ಮಾಡಿದ ಪ್ರಕರಣಗಳಲ್ಲಿ ಯಾವ ವಿಮೆಯೂ ಉಳಿಯುವುದಿಲ್ಲ. ದುಃಖದ ಆ ಗಳಿಗೆಯಲ್ಲಿ ಇದನ್ನು ಮನೆಯವರಿಗೆ ತಿಳಿಹೇಳುವವರೊಬ್ಬರು ಊರಲ್ಲಿ ಇರಬೇಕು.

ಕಂಪನಿ ಕ್ಲೇಮು ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನಡಿ ಎಂದು ಲಿಖಿತವಾಗಿ ತಿಳಿಸಬೇಕು. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಐಆರ್‌ಡಿಎಐನ ‘ಬಿಮಾ ಭರೋಸಾ’ ತಾಣದಲ್ಲಿ ಅಥವಾ 155255 ಸಂಖ್ಯೆಯಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳು ಕಾದರೂ ಉತ್ತರ ಬಾರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ಕಚೇರಿ ಇದೆ. 50 ಲಕ್ಷದವರೆಗಿನ ತಕರಾರು ಅಲ್ಲಿಗೆ ಬರುತ್ತದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, ಕೊಟ್ಟ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ಗ್ರಾಹಕನನ್ನು ಅಲ್ಲ. ಇನ್ನೊಂದು ದಾರಿ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಕಂಪನಿಯ ಪ್ರಧಾನ ಕಚೇರಿ ಮುಂಬೈಯಲ್ಲಿದೆ ಎಂದು ಅಲ್ಲಿಗೆ ಅಲೆಯಬೇಕಿಲ್ಲ. ದೂರು ಹೂಡಲು ಎರಡು ವರ್ಷ ಅವಕಾಶ. ಕೊಟ್ಟ ಹಣ, ಅಂದರೆ ಇಲ್ಲಿ ಪ್ರೀಮಿಯಂ, 5 ಲಕ್ಷ ರೂಪಾಯಿ ಮೀರದಿದ್ದರೆ ಆಯೋಗದಲ್ಲೂ ಶುಲ್ಕವಿಲ್ಲ.